ಹದಿನೆಂಟು ರೂಪಾಯಿಯ ಒಣದ್ರಾಕ್ಷಿ

“ತಮ್ಮಾ, ಒಣದ್ರಾಕ್ಷಿ ಕ್ವಿಂಟಲಿಗೆ ಹದಿನೆಂಟ ರೂಪಾಯಿ ಅಂತ ತೋರ್ಸಾಕತ್ತೈತಿ ನಿನ್ನ ಆ್ಯಪು. ಬಾಗಲಾ ಹಾಕಿ ಮನಿಗಿ ಹೋಗ್ಲೇನು?”

ಬೆಳಿಗ್ಗೆ ಒಂಬತ್ತಕ್ಕೇ ವಿಜಯಪುರದ ಎಪಿಎಂಸಿಯಿಂದ ಸಾವ್ಕಾರ್ರ ಫೋನು. ತಿಕೋಟಾ ಕಡೆಯ ರೈತರು ಮಾಲು ತಂದಾಗ ಸಾಂಗಲಿಯಲ್ಲಿ ಏನು ದರ ನಡೆದಿದೆ ಅಂತ ನೋಡಿ ಮಾತಾಡಲಿಕ್ಕೆ ಅವರಿಗೊಂದು ಚಿಕ್ಕ ಆ್ಯಪ್ ಮಾಡಿಕೊಟ್ಟಿದ್ದೆ. ದರ ಬರುವುದು ಬೇರೆಯವರ ಎಪಿಐಯಿಂದ, ಅಂದರೆ ಆ್ಯಪ್ ಕೇಳಿದಾಗ ಮಾಹಿತಿ ಕೊಡುವ ಅವರ ಸರ್ವರಿನ ಕಿಂಡಿಯಿಂದ. ಎರಡು ತಿಂಗಳು 18500 ಅಂತ ಶುದ್ಧ ಅಂಕಿ ಬರುತ್ತಿತ್ತು. ಅವತ್ತು ಅದೇ ಜಾಗದಲ್ಲಿ "18,500" ಬಂದಿತ್ತು, ಅಲ್ಪವಿರಾಮ ಹಾಕಿಕೊಂಡು, ಪಠ್ಯವಾಗಿ. ಆ್ಯಪ್ ಬರೆದ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಪಠ್ಯವನ್ನು ಅಂಕಿ ಮಾಡುವ ಪಾರ್ಸ್‌ಇಂಟ್ ಅಲ್ಪವಿರಾಮ ಕಂಡಲ್ಲೇ ನಿಂತು 18 ಕೊಟ್ಟು ಸುಮ್ಮನಾಗುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ.

ಅಲ್ಪವಿರಾಮ ತೆಗೆದು, ಅದೇ ಕೆಲಸದ ಇನ್ನೊಂದು ಸಲಕರಣೆ ನಂಬರ್‌ಗೆ ಕೊಟ್ಟರಾಯಿತು ಅಂದುಕೊಂಡೆ. ಭಾನುವಾರ ಮತ್ತೆ ಫೋನು: “ಮೊನ್ನಿ ಹದಿನೆಂಟರೆ ಇತ್ತು, ಇವತ್ತ ಫುಕಟ್ ಆಗೇತಲ್ಲೋ!” ಮಾರುಕಟ್ಟೆಗೆ ರಜೆ, ದರದ ಜಾಗ ಖಾಲಿ. ಜಾವಾಸ್ಕ್ರಿಪ್ಟಿನಲ್ಲಿ ಖಾಲಿ ಪಠ್ಯವನ್ನು ನಂಬರ್ ಮಾಡಿದರೆ ಸೊನ್ನೆ. ನಲ್ (ಏನೂ ಇಲ್ಲ ಅನ್ನುವ ಗುರುತು) ಕೊಟ್ಟರೂ ಸೊನ್ನೆಯೇ. ದರ ಇಲ್ಲ ಅನ್ನುವುದಕ್ಕೂ ದರ ಸೊನ್ನೆ ಅನ್ನುವುದಕ್ಕೂ ವ್ಯಾಪಾರದಲ್ಲಿ ಎಷ್ಟು ಅಂತರ ಅಂತ ನನಗೆ ಹೇಳಿಕೊಡಲು ಸಾವ್ಕಾರ್ರೇ ಬೇಕಾದರು. ಈಗ ಖಾಲಿಯನ್ನು ಮೊದಲೇ ಬೇರೆ ಮಾಡಿ “ದರ ಬಂದಿಲ್ಲ” ಅಂತ ತೋರಿಸಿ, ಕೆಳಗೆ ಹಿಂದಿನ ದರವನ್ನು ತಾರೀಖಿನ ಸಮೇತ ಇಡುತ್ತೇನೆ.

ನಿಜವಾಗಿ ತಲೆ ತಿಂದದ್ದು ಮೂರನೆಯದು. ಒಂದು ಸಂಜೆ ಆ್ಯಪ್ ಪೂರ್ತಿ ಬೋಳು. ಲಾಗ್‌ನಲ್ಲಿ ಒಂದೇ ಸಾಲು: ಅನಿರೀಕ್ಷಿತ ಚಿಹ್ನೆ '<', ಇದು ಜೇಸನ್ ಅಲ್ಲ. ಜೇಸನ್ ಅಂದರೆ ದರ ಬರಬೇಕಾದ ಪಠ್ಯದ ಅಚ್ಚು. ಉತ್ತರದ ಜೊತೆ ಬರುವ ಸ್ಟೇಟಸ್ ಸಂಖ್ಯೆ ಮಾತ್ರ 200, ಯಶಸ್ಸಿನದು. ಸರ್ವರ್ ರಿಪೇರಿಯಲ್ಲಿತ್ತೋ ಏನೋ, ದರದ ಬದಲು ಒಂದು ಎಚ್‌ಟಿಎಂಎಲ್ (ವೆಬ್) ಪುಟ ಕಳಿಸಿ “ಎಲ್ಲಾ ಸರಿ ಐತಿ” ಅಂದಿತ್ತು. ಏನು ಬಂದಿದೆ ನೋಡೋಣ ಅಂದರೆ ನೋಡಲಿಕ್ಕೂ ಆಗಲಿಲ್ಲ. ಮಾಹಿತಿ ತರಿಸುವ ಫೆಚ್‌ನಲ್ಲಿ ನೇರವಾಗಿ ಜೇಸನ್ ಕೇಳಿದರೆ ಬಾಡಿಯನ್ನು, ಅಂದರೆ ಉತ್ತರದ ಒಳಗಿನ ಪಠ್ಯವನ್ನು, ಒಮ್ಮೆ ಓದಿ ಮುಗಿಸಿಬಿಡುತ್ತದೆ, ಅದು ಸೋತ ಮೇಲೆ ಟೆಕ್ಸ್ಟ್ ಕೇಳಿದರೆ ಸಿಗುವುದು ಇನ್ನೊಂದು ಎರರ್. ಅದಕ್ಕೆ ಈಗ ಮೊದಲು ಟೆಕ್ಸ್ಟ್ ತೆಗೆದುಕೊಂಡು, ಬಂದದ್ದು ಯಾವ ಬಗೆಯದು ಅಂತ ಹೇಳುವ ಕಂಟೆಂಟ್-ಟೈಪ್ ನೋಡಿ, ಆಮೇಲೆ ಜೇಸನ್ ಪಾರ್ಸ್ ಮಾಡುತ್ತೇನೆ, ಅಂದರೆ ಬಿಡಿಸಿ ಓದುತ್ತೇನೆ. ಗೆಲ್ಲಲಿ ಸೋಲಲಿ, ಬಂದದ್ದರ ಮೊದಲ 300 ಅಕ್ಷರ, ಸ್ಟೇಟಸ್, ಹೊತ್ತು, ಇಷ್ಟು ಒಂದು ಫೈಲಿಗೆ ಹೋಗುತ್ತವೆ. ಮೂರು ಸಾಲಿನ ಕೆಲಸ. ಮೊದಲೇ ಮಾಡಿದ್ದರೆ ಆ ರಾತ್ರಿ ರೊಟ್ಟಿ ಬಿಸಿ ಇರುವಾಗಲೇ ಉಣ್ಣುತ್ತಿದ್ದೆ.

ಆ ಫೈಲು ಎರಡೇ ವಾರದಲ್ಲಿ ಉಪಯೋಗಕ್ಕೆ ಬಂತು. ಕೆಲವು ದಿನ ಒಂದೇ ಮಾರುಕಟ್ಟೆಯ ದರ ಇರುತ್ತದೆ. ಆಗ ಅವರು ಪಟ್ಟಿ ಕಳಿಸದೆ ಒಂಟಿ ಆಬ್ಜೆಕ್ಟ್ (ಒಂದೇ ದಾಖಲೆ) ಕಳಿಸುತ್ತಾರೆ. ಎಕ್ಸ್‌ಎಂಎಲ್ ಅನ್ನುವ ಇನ್ನೊಂದು ಅಚ್ಚಿನಿಂದ ಜೇಸನ್ ಮಾಡುವ ಕಡೆ ಈ ಚಾಳಿ ಬಹಳ. ಆಬ್ಜೆಕ್ಟಿಗೆ ಲೆಂಗ್ತ್ (ಎಷ್ಟಿವೆ ಅನ್ನುವ ಎಣಿಕೆ) ಇಲ್ಲದ್ದರಿಂದ, ದರಗಳನ್ನು ಒಂದೊಂದಾಗಿ ಓದುವ ನನ್ನ ಲೂಪ್ ಒಂದು ಸುತ್ತೂ ತಿರುಗದೆ ಹೊರಗೆ ಬರುತ್ತಿತ್ತು, ಸದ್ದಿಲ್ಲದೆ. ಪಟ್ಟಿ ಅಲ್ಲದಿದ್ದರೆ ನಾನೇ ಪಟ್ಟಿಯೊಳಗೆ ಹಾಕುವ ಒಂದು ಸಾಲು ಸೇರಿಸಿದೆ.

ಎಪಿಐಯವರಿಗೆ ಎರಡು ಸಲ ಮೇಲ್ ಬರೆದೆ. ಉತ್ತರ ಬಂದಿಲ್ಲ. ಬಿಟ್ಟಿ ಸಿಗುವ ಸೇವೆ, ಜಗಳಾಡಲಿಕ್ಕೂ ಬಾಯಿಲ್ಲ.

ಹೋದ ವಾರ ಬಾಡಿಯಲ್ಲಿ ಬಂದದ್ದು ಬರೀ ನಲ್. ಅದು ಸರಿಯಾದ ಜೇಸನ್, ಪಾರ್ಸ್ ದಾಟಿತು. ಇದು ಯಾವ ಬಗೆ ಅಂತ ಟೈಪ್‌ಆಫ್ ಕೇಳಿದರೆ ಜಾವಾಸ್ಕ್ರಿಪ್ಟ್ ನಲ್ ಅನ್ನೂ ಆಬ್ಜೆಕ್ಟ್ ಅನ್ನುತ್ತದೆ, ಬಂದದ್ದು ಆಬ್ಜೆಕ್ಟೇ ಅಂತ ನೋಡುವ ನನ್ನ ಪರೀಕ್ಷೆಯನ್ನೂ ದಾಟಿತು. ಪಟ್ಟಿಗೆ ಹಾಕುವ ಆ ಸಾಲು ಅದನ್ನೂ ಮರ್ಯಾದೆಯಿಂದ ಪಟ್ಟಿಗೆ ಹಾಕಿತು. ಸಾವ್ಕಾರ್ರು ಫೋನ್ ಮಾಡಲಿಲ್ಲ, ಮೊಬೈಲಿನ ಫೋಟೋ ಹೊಡೆದು ಕಳಿಸಿದ್ದರು, ಕೆಳಗೆ ಒಂದೇ ಮಾತು: “ಮತ್ತ?”