ಒಂದೇ ಸಿ ಕೋಡ್, ಮೂರು ಸಿಸ್ಟಮ್: ಪೈಥಾನ್ ಎಕ್ಸ್‌ಟೆನ್ಷನ್ ಕಂಪೈಲ್ ಮಾಡುವುದು ಹೇಗೆ?

ಪೈಥಾನ್ ಪ್ಯಾಕೇಜ್ ಹಾಕಿಕೊಳ್ಳಲು ಹೊರಟ ವಿಂಡೋಸ್ ಬಳಕೆದಾರರಿಗೆ ಒಂದಲ್ಲ ಒಂದು ದಿನ ಎದುರಾಗುವ ಕೆಂಪು ಸಾಲು ಇದು: ‘ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್ 14.0 ಅಥವಾ ಅದಕ್ಕಿಂತ ಹೊಸದು ಬೇಕು’. ಉಬುಂಟುವಿನವರಿಗೂ ಅದೇ ಗೋಳು, ಮಾತು ಮಾತ್ರ ಬೇರೆ: ‘ಪೈಥಾನ್ ಡಾಟ್ ಎಚ್ ಎಂಬ ಫೈಲ್ ಇಲ್ಲ’. ಎರಡಕ್ಕೂ ಕಾರಣ ಒಂದೇ. ಆ ಪ್ಯಾಕೇಜಿನ ಒಂದು ಭಾಗ ಸಿ ಭಾಷೆಯಲ್ಲಿದೆ, ಇಂಥ ಭಾಗಕ್ಕೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ನಿಮ್ಮ ಕಂಪ್ಯೂಟರಿಗೆ ಹೊಂದುವ ಸಿದ್ಧ ಫೈಲ್ ಸಿಗದ ಕಾರಣ ಪ್ಯಾಕೇಜ್ ಹಾಕಿಕೊಡುವ ಪಿಪ್ ಎಂಬ ಸಾಧನ ಅದನ್ನು ನಿಮ್ಮಲ್ಲೇ ಕಂಪೈಲ್ ಮಾಡಲು, ಅಂದರೆ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರಲು ಹೊರಟಿದೆ. ಅದಕ್ಕೆ ಬೇಕಾದ ಸಾಮಾನು ನಿಮ್ಮಲ್ಲಿಲ್ಲ.

ಸಿದ್ಧ ಫೈಲಿಗೆ ವೀಲ್ ಎಂದೂ ಬರೀ ಸೋರ್ಸ್ ಇರುವ ಕಟ್ಟಿಗೆ ಎಸ್‌ಡಿಸ್ಟ್ ಎಂದೂ ಹೆಸರು. ಅಂಗಡಿಯಿಂದ ದೋಸೆ ಹಿಟ್ಟು ತರುವುದಕ್ಕೂ ಅಕ್ಕಿ, ಉದ್ದು ತಂದು ನೆನೆಹಾಕಿ ರುಬ್ಬುವುದಕ್ಕೂ ಇರುವಷ್ಟೇ ವ್ಯತ್ಯಾಸ. ಇಂಥ ಪ್ಯಾಕೇಜನ್ನು ನೀವೇ ಬರೆದು, ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಯಾರೂ ಕಂಪೈಲರ್ ಹುಡುಕದ ಹಾಗೆ ಹಂಚುವುದು ಹೇಗೆಂದು ನೋಡೋಣ. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಸಿ ಬರೆಯುವುದು ಸಣ್ಣ ಕೆಲಸ. ನಿಮ್ಮ ಕಂಪ್ಯೂಟರಿನಲ್ಲಿ ಏನೇನನ್ನು ನೆಚ್ಚಿಕೊಂಡು ಆ ಕೋಡ್ ಓಡುತ್ತಿದೆಯೋ ಅದೆಲ್ಲ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಹೊತ್ತೆಲ್ಲ ಕಳೆಯುವುದು ಅಲ್ಲೇ.

(ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.)

ಉದಾಹರಣೆ: ಅಕ್ಷರ ಎಣಿಸುವ ಕೋಡ್

‘ಕನ್ನಡ’ ಎಂಬ ಪದದ ಉದ್ದ ಎಷ್ಟು ಎಂದು ಪೈಥಾನ್‌ನ ಲೆನ್ ಅನ್ನು ಕೇಳಿದರೆ 5 ಎನ್ನುತ್ತದೆ. ಅದು ಕ, ನ, ಹಲಂತ ಚಿಹ್ನೆ, ಮತ್ತೊಂದು ನ, ಡ ಎಂದು ಎಣಿಸುತ್ತದೆ. ಒಂದನೇ ತರಗತಿಯ ಮಗು ಮೂರು ಎನ್ನುತ್ತದೆ, ಅದೇ ಸರಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ ಜಾಗವಿದೆ. ಅದರಲ್ಲಿ ಅ ಇಂದ ಔವರೆಗಿನ ಸ್ವರಗಳು 3205ರಿಂದ 3220, ಕ ಇಂದ ಹವರೆಗಿನ ವ್ಯಂಜನಗಳು 3221ರಿಂದ 3257, ಹಲಂತ 3277. ಸ್ವರವೋ ವ್ಯಂಜನವೋ ಬಂದಾಗ, ಅದರ ಹಿಂದೆ ಹಲಂತ ಇಲ್ಲದಿದ್ದರೆ ಎಣಿಕೆಗೆ ಒಂದು ಸೇರಿಸಬೇಕು. ನಿಯಮ ಇಷ್ಟೇ. ೠ ಕೂಡ ಬೇಕೆಂದರೆ 3296 ಸೇರಿಸಿಕೊಳ್ಳಿ.

ಟೈಪ್ ಮಾಡುವವರು ಒತ್ತಕ್ಷರ ಆಗದಿರಲೆಂದು ನಡುವೆ ಹಾಕುವ ಕಾಣದ ಚಿಹ್ನೆಯೂ ಈ ನಿಯಮದಲ್ಲಿ ತಾನಾಗಿಯೇ ಸರಿಹೋಗುತ್ತದೆ. ಅದರ ಸಂಖ್ಯೆ 8204. ‘ಇನ್‌ಸ್ಟಾಲ್’ ಎಂದು ಅದನ್ನು ಹಾಕಿ ಬರೆದರೆ ಸ ಹಿಂದೆ ಹಲಂತದ ಬದಲು 8204 ಇರುತ್ತದೆ, ಎಣಿಕೆ ನಾಲ್ಕು ಬರುತ್ತದೆ. ಅದನ್ನು ಬಿಟ್ಟು ಬರೆದರೆ ಮೂರು.

ಒಂದೆರಡು ಪುಟಕ್ಕಾದರೆ ಇದನ್ನು ಪೈಥಾನ್‌ನಲ್ಲೇ ಬರೆದರೆ ಸಾಕು. ಲಕ್ಷಗಟ್ಟಲೆ ಸಾಲು ಇದ್ದಾಗ ಮಾತ್ರ ಸಿ ಭಾಷೆಯ ಉಸಾಬರಿಗೆ ಅರ್ಥವಿದೆ.

ಹಂತ 1: ಸಾಮಾನು ಹೊಂದಿಸಿ

ಉಬುಂಟು, ಡೆಬಿಯನ್‌ನಲ್ಲಿ ‘ಬಿಲ್ಡ್-ಎಸೆನ್ಶಿಯಲ್’ ಮತ್ತು ‘ಪೈಥಾನ್3-ಡೆವ್’ ಎಂಬ ಎರಡು ಪ್ಯಾಕೇಜ್ ಹಾಕಿ. ಫೆಡೋರಾದಲ್ಲಿ ಜಿಸಿಸಿ ಮತ್ತು ‘ಪೈಥಾನ್3-ಡೆವೆಲ್’. ಮ್ಯಾಕ್‌ನಲ್ಲಿ ಇಡೀ ಎಕ್ಸ್‌ಕೋಡ್ ಬೇಡ, ಟರ್ಮಿನಲ್‌ನಲ್ಲಿ ‘ಎಕ್ಸ್‌ಕೋಡ್-ಸೆಲೆಕ್ಟ್ --ಇನ್‌ಸ್ಟಾಲ್’ ಕೊಟ್ಟರೆ ಕಮಾಂಡ್ ಲೈನ್ ಟೂಲ್ಸ್ ಬರುತ್ತದೆ.

ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೋ ಬಿಲ್ಡ್ ಟೂಲ್ಸ್ ಇಳಿಸಿಕೊಂಡು, ಅದರಲ್ಲಿ ‘ಡೆಸ್ಕ್‌ಟಾಪ್ ಡೆವಲಪ್‌ಮೆಂಟ್ ವಿತ್ ಸಿ ಪ್ಲಸ್ ಪ್ಲಸ್’ ಎಂಬುದಕ್ಕೆ ಟಿಕ್ ಹಾಕಬೇಕು. ಹಲವು ಜಿಬಿ ತಿನ್ನುತ್ತದೆ, ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿ ಕೂರಬೇಡಿ. ಹಿಂದೆ ಇದು ಇನ್ನೂ ರೇಜಿಗೆಯ ಕೆಲಸವಾಗಿತ್ತು. ಪೈಥಾನ್ 2.7ಕ್ಕೆ 2008ರ ವಿಷುಯಲ್ ಸ್ಟುಡಿಯೋ ಬೇಕು, 3.3 ಮತ್ತು 3.4ಕ್ಕೆ 2010ರದು. 2015ರಲ್ಲಿ ಬಂದ ಪೈಥಾನ್ 3.5 ಯೂನಿವರ್ಸಲ್ ಸಿ ರನ್‌ಟೈಮ್‌ಗೆ ಬದಲಾದ ಮೇಲೆ ಈ ತಾಪತ್ರಯ ತಪ್ಪಿತು. ಕೆಂಪು ಸಾಲಿನಲ್ಲಿರುವ 14.0 ಅಂದಿನ ವಿಷುಯಲ್ ಸಿ ಪ್ಲಸ್ ಪ್ಲಸ್‌ನ ಆವೃತ್ತಿ ಸಂಖ್ಯೆ.

ಹಂತ 2: ಮೂರೂ ಕಡೆ ನಡೆಯುವ ಸಿ ಬರೆಯಿರಿ

ಮೊದಲು ‘ಲಾಂಗ್’ ಬಗ್ಗೆ ಎಚ್ಚರ. 64 ಬಿಟ್ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಸಿ ಭಾಷೆಯ ಲಾಂಗ್ 64 ಬಿಟ್. 64 ಬಿಟ್ ವಿಂಡೋಸ್‌ನಲ್ಲಿ ಅದು 32 ಬಿಟ್ ಮಾತ್ರ. ಎಣಿಕೆ ಸುಮಾರು 214 ಕೋಟಿ ದಾಟಿದರೆ ವಿಂಡೋಸ್‌ನಲ್ಲಿ ಮಾತ್ರ ತಪ್ಪು ಉತ್ತರ ಬರುತ್ತದೆ, ಅದೂ ಎರರ್ ಇಲ್ಲದೆ. ಹಾಗಾಗಿ ಉದ್ದ, ಎಣಿಕೆ, ಸ್ಥಾನ ಯಾವುದಕ್ಕೇ ಆಗಲಿ ಪೈಥಾನ್ ಕೊಡುವ ‘ಪೈ_ಎಸ್‌ಸೈಜ್_ಟಿ’ ಬಳಸಿ.

ಎರಡನೆಯದು ಕನ್ನಡದಲ್ಲಿ ಕೆಲಸ ಮಾಡುವವರನ್ನೇ ಹುಡುಕಿಕೊಂಡು ಬರುವ ತೊಂದರೆ. ಸಿ ಫೈಲ್ ಒಳಗೆ ನೇರವಾಗಿ ಕನ್ನಡ ಅಕ್ಷರ ಬರೆದರೆ ಲಿನಕ್ಸ್, ಮ್ಯಾಕ್‌ನ ಕಂಪೈಲರ್‌ಗಳಾದ ಜಿಸಿಸಿ ಮತ್ತು ಕ್ಲ್ಯಾಂಗ್ ಅದನ್ನು ಯುಟಿಎಫ್-8 ಎಂದೇ ಓದುತ್ತವೆ. ಮೈಕ್ರೋಸಾಫ್ಟ್ ಕಂಪೈಲರ್ ಹಾಗಲ್ಲ. ಫೈಲ್ ತಲೆಯಲ್ಲಿ ಗುರುತಿನ ಬೈಟ್‌ಗಳು ಇಲ್ಲದಿದ್ದರೆ ವಿಂಡೋಸ್‌ನ ಆ ಹೊತ್ತಿನ ಕೋಡ್‌ಪೇಜ್ (ಯಾವ ಬೈಟ್ ಯಾವ ಅಕ್ಷರ ಎಂಬ ಪಟ್ಟಿ) ಪ್ರಕಾರ ಓದಿಬಿಡುತ್ತದೆ, ನಿಮ್ಮ ಹಲಂತ ಇನ್ನೇನೋ ಆಗುತ್ತದೆ. ‘/ಯುಟಿಎಫ್-8’ ಎಂಬ ಆಯ್ಕೆ ಕೊಟ್ಟರೆ ಸರಿಹೋಗುತ್ತದೆ. ನನ್ನನ್ನು ಕೇಳಿದರೆ ಅದಕ್ಕೂ ಹೋಗದೆ 3277 ಎಂದು ಸಂಖ್ಯೆಯನ್ನೇ ಬರೆದು ಪಕ್ಕದಲ್ಲಿ ಕಾಮೆಂಟ್ ಹಾಕುವುದು ಒಳ್ಳೆಯದು.

ಕೊನೆಯದಾಗಿ ಹೆಸರು. ಮಾಡ್ಯೂಲ್ ‘ಅಕ್ಷರ’ ಎಂದಾದರೆ ಸಿ ಒಳಗಿನ ಆರಂಭದ ಫಂಕ್ಷನ್ ‘ಪೈಇನಿಟ್_ಅಕ್ಷರ’ ಎಂದೇ ಇರಬೇಕು. ಒಂದು ಅಕ್ಷರ ತಪ್ಪಿದರೂ ಲಿನಕ್ಸ್, ಮ್ಯಾಕ್‌ನಲ್ಲಿ ಕಂಪೈಲ್ ಆಗುತ್ತದೆ, ಇಂಪೋರ್ಟ್ ಆಗುವುದಿಲ್ಲ.

ಹಂತ 3: ಪ್ರಾಜೆಕ್ಟ್ ಫೈಲ್

‘ಪೈಪ್ರಾಜೆಕ್ಟ್ ಡಾಟ್ ಟಾಮ್ಲ್’ನಲ್ಲಿ ಸೆಟಪ್‌ಟೂಲ್ಸ್ ಬೇಕೆಂದು ಬರೆಯಿರಿ. ‘ಸೆಟಪ್ ಡಾಟ್ ಪೈ’ನಲ್ಲಿ ಎಕ್ಸ್‌ಟೆನ್ಷನ್ ಹೆಸರು, ಸಿ ಫೈಲ್‌ಗಳ ಪಟ್ಟಿ ಕೊಡಿ. ಹಳೆಯ ಪಾಠಗಳು ಡಿಸ್ಟ್‌ಯುಟಿಲ್ಸ್ ಇಂಪೋರ್ಟ್ ಮಾಡಿ ಎಂದು ಶುರುವಾಗುತ್ತವೆ. 2023ರ ಪೈಥಾನ್ 3.12ರಿಂದ ಅದನ್ನು ತೆಗೆದುಹಾಕಿದ್ದಾರೆ, ಅಂಥ ಪಾಠವನ್ನು ಅಲ್ಲಿಗೇ ಬಿಡಿ. ಬಳಿಕ ‘ಪಿಪ್ ಇನ್‌ಸ್ಟಾಲ್’ ಮುಂದೆ ಒಂದು ಚುಕ್ಕೆ ಇಟ್ಟು ಓಡಿಸಿದರೆ ನಿಮ್ಮ ಕಂಪ್ಯೂಟರಿನ ಮಟ್ಟಿಗೆ ಕೆಲಸ ಮುಗಿಯಿತು.

ತಯಾರಾದ ಫೈಲಿನ ಹೆಸರನ್ನು ಒಮ್ಮೆ ನೋಡಿ. ಲಿನಕ್ಸ್‌ನಲ್ಲಿ ಕೊನೆಗೆ ‘ಸಿಪೈಥಾನ್-312-ಎಕ್ಸ್86_64-ಲಿನಕ್ಸ್-ಗ್ನೂ ಡಾಟ್ ಎಸ್‌ಒ’ ಎಂದಿರುತ್ತದೆ, ಮ್ಯಾಕ್‌ನಲ್ಲಿ ‘ಸಿಪೈಥಾನ್-312-ಡಾರ್ವಿನ್ ಡಾಟ್ ಎಸ್‌ಒ’, ವಿಂಡೋಸ್‌ನಲ್ಲಿ ‘ಸಿಪಿ312-ವಿನ್_ಎಎಂಡಿ64 ಡಾಟ್ ಪಿವೈಡಿ’. ಪಿವೈಡಿ ಎಂದರೆ ಹೆಸರು ಬದಲಿಸಿದ ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) ಅಷ್ಟೇ. ಯಾವ ಪೈಥಾನ್, ಯಾವ ಸಿಸ್ಟಮ್ ಎಂಬುದೆಲ್ಲ ಹೆಸರಲ್ಲೇ ಇದೆ. ಆದರೆ ಮುಖ್ಯವಾದ ಒಂದು ಸಂಗತಿ ಅದರಲ್ಲಿ ಇಲ್ಲ.

ಹಂತ 4: ಲಿನಕ್ಸ್, ಅಂದರೆ ಗ್ಲಿಬ್‌ಸಿ

ಆ ಸಂಗತಿ ಗ್ಲಿಬ್‌ಸಿ ಆವೃತ್ತಿ. ಲಿನಕ್ಸ್‌ನ ಬಹುಪಾಲು ಪ್ರೋಗ್ರಾಂಗಳು ನಿಂತಿರುವುದು ಈ ಸಿ ಲೈಬ್ರರಿಯ ಮೇಲೆ. ಉಬುಂಟು 20.04ರಲ್ಲಿ ಇದು 2.31, 22.04ರಲ್ಲಿ 2.35, 24.04ರಲ್ಲಿ 2.39. ಹಳೆಯದರ ಮೇಲೆ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರ ಮೇಲೆ ಕಟ್ಟಿದ್ದು ಹಳೆಯದರಲ್ಲಿ ಓಡುವ ಖಾತ್ರಿ ಇಲ್ಲ. 22.04ರಲ್ಲಿ ಕಟ್ಟಿದ ಫೈಲನ್ನು 20.04 ಇರುವ ಕಾಲೇಜಿನ ಲ್ಯಾಬ್‌ಗೆ ಒಯ್ದರೆ ‘ಗ್ಲಿಬ್‌ಸಿ 2.34 ಸಿಗಲಿಲ್ಲ’ ಎಂದು ನಿಲ್ಲುವುದು ಇದೇ ಕಾರಣಕ್ಕೆ. ಥ್ರೆಡ್‌ಗಳ ಲೈಬ್ರರಿಯನ್ನು ಮುಖ್ಯ ಲೈಬ್ರರಿಯೊಳಕ್ಕೆ ಸೇರಿಸಿದ್ದು 2.34ರಲ್ಲಿ, ಅದಕ್ಕೇ ಆ ಸಂಖ್ಯೆ ಅಷ್ಟು ಸಲ ಕಣ್ಣಿಗೆ ಬೀಳುತ್ತದೆ.

ಇಷ್ಟು ತಿಳಿದರೆ ಮದ್ದು ತಾನೇ ಹೊಳೆಯುತ್ತದೆ: ಬಳಕೆದಾರರಲ್ಲಿ ಎಲ್ಲರಿಗಿಂತ ಹಳೆಯ ಸಿಸ್ಟಮ್ ಯಾರದೋ ಅಂಥದರಲ್ಲಿ ಕಂಪೈಲ್ ಮಾಡಿ. ಪೈಥಾನ್ ಸಮುದಾಯ 2016ರಲ್ಲಿ ಇದನ್ನೇ ಮೆನಿಲಿನಕ್ಸ್ ಎಂಬ ಪದ್ಧತಿ ಮಾಡಿತು. ಮೊದಲನೆಯದು ಸೆಂಟ್‌ಒಎಸ್ 5ರ ಮೇಲೆ ನಿಂತಿತ್ತು. ಆಮೇಲೆ ಸೆಂಟ್‌ಒಎಸ್ 6, 7 ಬಂದವು. ಈಗ ಹೆಸರಿನಲ್ಲೇ ಗ್ಲಿಬ್‌ಸಿ ಸಂಖ್ಯೆ ಇರುತ್ತದೆ. ‘ಮೆನಿಲಿನಕ್ಸ್_2_28’ ಎಂದರೆ ಗ್ಲಿಬ್‌ಸಿ 2.28 ಅಥವಾ ಅದಕ್ಕಿಂತ ಹೊಸದಿದ್ದರೆ ಸಾಕು ಎಂದರ್ಥ, ಅದರ ಬುನಾದಿ ಅಲ್ಮಾಲಿನಕ್ಸ್ 8. ಇದಕ್ಕಾಗಿ ಹಳೆಯ ಕಂಪ್ಯೂಟರ್ ಹುಡುಕಬೇಕಿಲ್ಲ, ಕಂಪೈಲರ್ ಸಮೇತ ಡಾಕರ್ ಇಮೇಜ್‌ಗಳು (ಹಳೆಯ ಸಿಸ್ಟಮನ್ನೇ ಕಟ್ಟಿಕೊಟ್ಟ ಪೊಟ್ಟಣಗಳು) ಸಿದ್ಧವಾಗಿವೆ. ಬರೀ ‘ಲಿನಕ್ಸ್_ಎಕ್ಸ್86_64’ ಎಂಬ ಗುರುತಿನ ವೀಲನ್ನು ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರವಾದ ಪೈಪಿಐ ಒಳಕ್ಕೇ ಬಿಟ್ಟುಕೊಳ್ಳುವುದಿಲ್ಲ.

ಕಟ್ಟಿದ ಮೇಲೆ ವೀಲನ್ನು ‘ಆಡಿಟ್‌ವೀಲ್’ ಕೈಗೆ ಕೊಡಿ. ನಿಮ್ಮ ಕೋಡ್ ಹೊರಗಿನ ಲೈಬ್ರರಿ ಬಳಸಿದ್ದರೆ ಅದು ಆ ಲೈಬ್ರರಿಯನ್ನೂ ವೀಲ್ ಒಳಗೇ ತುಂಬಿ, ದಾರಿ ತಿದ್ದಿ, ಸರಿಯಾದ ಗುರುತು ಹಾಕಿಕೊಡುತ್ತದೆ. ಗ್ಲಿಬ್‌ಸಿ ವಿಚಾರದಲ್ಲಿ ಮಾತ್ರ ಅದು ಏನೂ ಮಾಡಲಾರದು. ‘ಹಳೆಯ ಟೂಲ್‌ಚೈನ್‌ನಲ್ಲಿ ಕಂಪೈಲ್ ಮಾಡಿಕೊಂಡು ಬಾ’ ಎಂದು ವಾಪಸ್ ಕಳಿಸುತ್ತದೆ. ಆಲ್ಪೈನ್ ಲಿನಕ್ಸ್‌ನವರ ಸಿ ಲೈಬ್ರರಿಯೇ ಬೇರೆ, ಅದು ಮಸಲ್. ಅವರಿಗೆ ‘ಮಸಲ್‌ಲಿನಕ್ಸ್’ ಎಂಬ ಪ್ರತ್ಯೇಕ ವೀಲ್ ಬೇಕು.

ಇನ್ನೊಂದು ಮಾತು. ವೇಗದ ಆಸೆಗೆ ‘-ಮಾರ್ಚ್=ನೇಟಿವ್’ ಎಂಬ ಆಯ್ಕೆ ಕೊಡಬೇಡಿ. ನಿಮ್ಮ ಪ್ರೊಸೆಸರಿಗಷ್ಟೇ ಗೊತ್ತಿರುವ ಸೂಚನೆಗಳು ಒಳಸೇರಿ, ಹಳೆಯ ಲ್ಯಾಪ್‌ಟಾಪ್‌ನಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಪೈಥಾನೇ ಸತ್ತುಬೀಳುತ್ತದೆ.

ಹಂತ 5: ಮ್ಯಾಕ್

ಇಲ್ಲಿ ನೋಡಿಕೊಳ್ಳಬೇಕಾದ್ದು ಎರಡೇ. 2020ರ ಕೊನೆಯಿಂದ ಆಪಲ್ ತನ್ನದೇ ಚಿಪ್‌ಗೆ ಬದಲಾಗಿರುವುದರಿಂದ ಇಂಟೆಲ್‌ಗೊಂದು, ಆರ್ಮ್64ಗೊಂದು ವೀಲ್ ಬೇಕು. ಎರಡನ್ನೂ ಸೇರಿಸಿ ‘ಯೂನಿವರ್ಸಲ್2’ ಮಾಡಬಹುದು, ಗಾತ್ರ ದೊಡ್ಡದಾಗುತ್ತದೆ. ಇನ್ನೊಂದು ‘ಮ್ಯಾಕ್‌ಒಎಸ್‌ಎಕ್ಸ್_ಡಿಪ್ಲಾಯ್‌ಮೆಂಟ್_ಟಾರ್ಗೆಟ್’ ಎಂಬ ಸೆಟ್ಟಿಂಗ್. ಎಷ್ಟು ಹಳೆಯ ಮ್ಯಾಕ್‌ಒಎಸ್‌ವರೆಗೆ ಓಡಬೇಕು ಎಂಬುದನ್ನು ಇದು ಹೇಳುತ್ತದೆ, ಆರ್ಮ್64ಗೆ ಅದು 11ಕ್ಕಿಂತ ಕೆಳಗೆ ಹೋಗುವುದಿಲ್ಲ. ಆಡಿಟ್‌ವೀಲ್ ಮಾಡುವ ಕೆಲಸವನ್ನು ಇಲ್ಲಿ ‘ಡಿಲೊಕೇಟ್’ ಮಾಡುತ್ತದೆ.

ಹಂತ 6: ವಿಂಡೋಸ್‌ನ ಸಿಗದ ಮಾಡ್ಯೂಲ್

‘ಡಿಎಲ್‌ಎಲ್ ಲೋಡ್ ಆಗಲಿಲ್ಲ, ಹೇಳಿದ ಮಾಡ್ಯೂಲ್ ಸಿಗಲಿಲ್ಲ’ ಎಂದು ವಿಂಡೋಸ್ ಹೇಳಿದರೆ ಜನ ತಮ್ಮ ಪಿವೈಡಿ ಫೈಲ್ ಎಲ್ಲಿ ಹೋಯಿತೆಂದು ಹುಡುಕುತ್ತಾರೆ. ಅದು ಇದ್ದಲ್ಲೇ ಇರುತ್ತದೆ. ಸಿಗದಿರುವುದು ಅದು ಕೇಳುತ್ತಿರುವ ಇನ್ನೊಂದು ಡಿಎಲ್‌ಎಲ್, ಅದರ ಹೆಸರನ್ನು ಮಾತ್ರ ಈ ಸಂದೇಶ ಬಾಯಿಬಿಡುವುದಿಲ್ಲ. ವಿಷುಯಲ್ ಸ್ಟುಡಿಯೋ ಜತೆ ಬರುವ ‘ಡಂಪ್‌ಬಿನ್ /ಡಿಪೆಂಡೆಂಟ್ಸ್’ ಓಡಿಸಿದರೆ ಪಟ್ಟಿ ಸಿಗುತ್ತದೆ.

ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಿದ್ದರೆ ಮೊದಲ ಅನುಮಾನ ‘ಎಂಎಸ್‌ವಿಸಿಪಿ140’ ಮೇಲೆ ಇರಲಿ. ಪೈಥಾನ್ ಇನ್‌ಸ್ಟಾಲರ್ ‘ವಿಸಿರನ್‌ಟೈಮ್140’ ಅನ್ನು ಜತೆಗೆ ತರುತ್ತದೆ, ಇದನ್ನು ತರುವುದಿಲ್ಲ. ಕಂಪೈಲರ್ ಇರುವ ನಿಮ್ಮ ಕಂಪ್ಯೂಟರಿನಲ್ಲಿ ಅದು ಹೇಗೂ ಇರುತ್ತದೆ, ಹಾಗಾಗಿ ನಿಮಗೆ ಈ ದೋಷ ಎಂದೂ ಕಾಣುವುದಿಲ್ಲ. ಡಿಎಲ್‌ಎಲ್ ಇರುವ ಫೋಲ್ಡರನ್ನು ಪಾತ್‌ಗೆ ಸೇರಿಸುವ ಹಳೆಯ ಉಪಾಯವೂ ಪೈಥಾನ್ 3.8ರಿಂದ ನಡೆಯದು. ‘ಡೆಲ್ವ್‌ವೀಲ್’ ಎಂಬ ಸಾಧನದಿಂದ ಬೇಕಾದ ಡಿಎಲ್‌ಎಲ್‌ಗಳನ್ನು ವೀಲ್ ಒಳಗೇ ಸೇರಿಸುವುದು ನೇರ ದಾರಿ.

ಹಂತ 7: ಯಂತ್ರಗಳಿಲ್ಲದೆ ಎಲ್ಲವನ್ನೂ ಕಟ್ಟುವುದು

ಮೂರು ಕಂಪ್ಯೂಟರ್ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರೂ ಸಿಗುತ್ತವೆ, ಸಾರ್ವಜನಿಕ ಪ್ರಾಜೆಕ್ಟ್‌ಗಳಿಗೆ ಸಾಮಾನ್ಯ ಯಂತ್ರಗಳು ಉಚಿತ. ಅಲ್ಲಿ ‘ಸಿಐಬಿಲ್ಡ್‌ವೀಲ್’ ಓಡಿಸಿದರೆ ಲಿನಕ್ಸ್‌ನಲ್ಲಿ ಮೆನಿಲಿನಕ್ಸ್ ಇಮೇಜ್ ಒಳಗೂ ಉಳಿದೆರಡರಲ್ಲಿ ನೇರವಾಗಿಯೂ ಪ್ರತಿ ಪೈಥಾನ್ ಆವೃತ್ತಿಗೆ ಒಂದೊಂದು ವೀಲ್ ಕಟ್ಟುತ್ತದೆ. ಟೆಸ್ಟ್ ಕಮಾಂಡ್ ಕೊಡುವುದನ್ನು ಬಿಡಬೇಡಿ. ‘ಕನ್ನಡ’ಕ್ಕೆ ಮೂರು ಬಂತೇ, ‘ಸ್ವಾತಂತ್ರ್ಯ’ಕ್ಕೆ ಮೂರು ಬಂತೇ ಎಂಬಷ್ಟೇ ಪರೀಕ್ಷೆ ಇದ್ದರೂ ಎರಡನೇ ಹಂತದ ಕೋಡ್‌ಪೇಜ್ ತೊಂದರೆ ವಿಂಡೋಸ್ ಸಾಲಿನಲ್ಲಿ ಸಿಕ್ಕಿಬೀಳುತ್ತದೆ. ಬೇರೆ ಪ್ರೊಸೆಸರಿಗೆ ಎಮ್ಯುಲೇಟರ್ ಮೂಲಕವೂ ಕಟ್ಟಬಹುದು, ಆದರೆ ಕಾಫಿ ಕುಡಿದು ಬರುವಷ್ಟು ಹೊತ್ತಿನಲ್ಲಿ ಮುಗಿಯುವ ಕೆಲಸವಲ್ಲ.

ಐದು ಪೈಥಾನ್ ಆವೃತ್ತಿ, ಲಿನಕ್ಸ್‌ನಲ್ಲಿ ಎರಡು ಪ್ರೊಸೆಸರ್, ಮ್ಯಾಕ್‌ನಲ್ಲಿ ಎರಡು, ವಿಂಡೋಸ್ ಒಂದು ಎಂದರೆ 25 ವೀಲ್ ಆಯಿತು. ಇದನ್ನು 5ಕ್ಕೆ ಇಳಿಸುವ ದಾರಿಯೊಂದಿದೆ. ಪೈಥಾನ್ 3.2ರಿಂದಲೂ ‘ಲಿಮಿಟೆಡ್ ಎಪಿಐ’ ಎಂಬುದು ಇದೆ. ಅದರ ಫಂಕ್ಷನ್‌ಗಳನ್ನಷ್ಟೇ ಬಳಸಿದರೆ, 3.10ಕ್ಕೆ ಕಟ್ಟಿದ ‘ಎಬಿಐ3’ ವೀಲ್ ಮುಂದಿನ ಆವೃತ್ತಿಗಳಲ್ಲೂ ಓಡುತ್ತದೆ. ನಮ್ಮ ಅಕ್ಷರ ಎಣಿಕೆಗೆ ಇದು ಸಾಕೇ? ವೇಗವಾಗಿ ಓದುವ ‘ಪೈಯೂನಿಕೋಡ್_ರೀಡ್’ ಮ್ಯಾಕ್ರೋ ಅದರಲ್ಲಿ ಇಲ್ಲ. ‘ಪೈಯೂನಿಕೋಡ್_ಆಸ್‌ಯುಸಿಎಸ್4ಕಾಪಿ’ ಇದೆ. ಇಡೀ ಪಠ್ಯವನ್ನು ಒಮ್ಮೆ ನಕಲು ಮಾಡಿಕೊಂಡು ಎಣಿಸಿ, ಕೊನೆಗೆ ‘ಪೈಮೆಮ್_ಫ್ರೀ’ ಕರೆದು ಜಾಗ ಬಿಟ್ಟುಕೊಟ್ಟರೆ ಆಯಿತು. ಒಂದಿಷ್ಟು ಮೆಮೊರಿ ಹೆಚ್ಚು ಹೋಗುತ್ತದೆ, 20 ವೀಲ್ ಕಟ್ಟುವ ಶ್ರಮ ತಪ್ಪುತ್ತದೆ. ನಾನಾದರೆ ಇದನ್ನೇ ಆರಿಸುತ್ತೇನೆ. ಸಿ ಮ್ಯಾಕ್ರೋ, ಎಕ್ಸ್‌ಟೆನ್ಷನ್ ಆಯ್ಕೆ, ವೀಲ್ ಗುರುತು ಈ ಮೂರು ಕಡೆಯೂ ಒಂದೇ ಆವೃತ್ತಿಗೆ ತಾಳೆಯಾಗುವಂತೆ ಬರೆಯಬೇಕು. ಜಿಐಎಲ್ (ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಬಿಡುವ ಬೀಗ) ಇಲ್ಲದ ಹಾಗೆ ಕಟ್ಟಿದ ಪೈಥಾನ್ 3.13ರಲ್ಲಿ ಮಾತ್ರ ಈ ವೀಲ್ ನಡೆಯದು.

ಹಂತ 8: ಏರಿಸುವ ಮುನ್ನ

ವೀಲ್‌ಗಳ ಜತೆ ಎಸ್‌ಡಿಸ್ಟ್ ಕೂಡ ಪೈಪಿಐಗೆ ಏರಿಸಿ. ನೀವು ಎಣಿಸದ ಪ್ರೊಸೆಸರ್ ಇಟ್ಟುಕೊಂಡವರಿಗೆ ಅದೇ ಗತಿ. ಅದರಲ್ಲಿ ಸಿ ಫೈಲ್‌ಗಳು ತಾವಾಗಿ ಸೇರುತ್ತವೆ, ನೀವೇ ಬರೆದ ಹೆಡರ್ ಫೈಲ್‌ಗಳು ಎಷ್ಟೋ ಸಲ ಹೊರಗುಳಿಯುತ್ತವೆ. ‘ಮ್ಯಾನಿಫೆಸ್ಟ್ ಡಾಟ್ ಇನ್’ನಲ್ಲಿ ಅವುಗಳ ಹೆಸರು ಬರೆದು, ತಯಾರಾದ ಕಟ್ಟನ್ನು ಬೇರೊಂದು ಖಾಲಿ ಫೋಲ್ಡರಿನಲ್ಲಿ ಬಿಚ್ಚಿ, ಅಲ್ಲಿಂದಲೇ ಒಮ್ಮೆ ಕಂಪೈಲ್ ಮಾಡಿ ನೋಡಿ. ವೀಲ್‌ಗಳನ್ನು ಪರೀಕ್ಷಿಸುವಾಗ ಪಿಪ್‌ಗೆ ‘--ಓನ್ಲಿ-ಬೈನರಿ’ ಆಯ್ಕೆ ಕೊಡಿ. ಇಲ್ಲದಿದ್ದರೆ ಹೊಂದುವ ವೀಲ್ ಸಿಗದಾಗ ಪಿಪ್ ಸದ್ದಿಲ್ಲದೆ ಎಸ್‌ಡಿಸ್ಟ್ ಎತ್ತಿಕೊಂಡು ಕಂಪೈಲ್ ಮಾಡಿಬಿಡುತ್ತದೆ, ನೀವು ವೀಲ್ ಸರಿಯಿದೆ ಎಂದುಕೊಳ್ಳುತ್ತೀರಿ.