ಮನೆಯಲ್ಲೇ ವಾಲ್ವ್ ಗಿಟಾರ್ ಆಂಪ್: ಮೊದಲು ಹೋಗಬೇಕಾದ್ದು ವೈಂಡಿಂಗ್ ಅಂಗಡಿಗೆ

ಐದು ವ್ಯಾಟ್ ಅಂದರೆ ಕಡಿಮೆ ಅನ್ನಿಸಬಹುದು. ಒಳ್ಳೆಯ ಹತ್ತಿಂಚಿನ ಸ್ಪೀಕರಿಗೆ ಕೊಟ್ಟು ವಾಲ್ಯೂಮ್ ಪೂರ್ತಿ ತಿರುಗಿಸಿದರೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುವಷ್ಟು ಸದ್ದು ಬರುತ್ತದೆ. ಇಲ್ಲಿ ಹೇಳುವ ಆಂಪ್‌ಗೆ ಬೇಕಾದ್ದು ಎರಡೇ ವಾಲ್ವ್ (ಹಳೇ ರೇಡಿಯೊಗಳಲ್ಲಿದ್ದ ಗಾಜಿನ ಕೊಳವೆ): ಮುಂದೆ ಒಂದು ಇಸಿಸಿ83, ಹಿಂದೆ ಒಂದು ಇಎಲ್84. ಸರ್ಕ್ಯೂಟ್ ಸರಳ. ಆದರೆ ಮೊದಲ ಸಲ ಕಟ್ಟಿದವರು ಸೋಲುವುದು ವಾಲ್ವಿನಲ್ಲಲ್ಲ, ಟ್ರಾನ್ಸ್‌ಫಾರ್ಮರ್ ಮತ್ತು ಅರ್ಥಿಂಗ್‌ನಲ್ಲಿ. ಹೆಚ್ಚಿನ ಮಾತು ಅದರ ಮೇಲೆಯೇ.

ಒಂದು ಎಚ್ಚರಿಕೆ. ಇದರೊಳಗೆ 280 ವೋಲ್ಟ್‌ನಷ್ಟು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ, ಜೀವ ತೆಗೆಯಲು ಅಷ್ಟು ಸಾಕು. ಬೆಸುಗೆ ಮತ್ತು ಮಲ್ಟಿಮೀಟರ್ ಎರಡೂ ಕೈಗೆ ಪಳಗಿಲ್ಲದವರು ಮೊದಲ ಕೆಲಸವಾಗಿ ಇದನ್ನು ಎತ್ತಿಕೊಳ್ಳಬೇಡಿ.

ವಾಲ್ವ್ ಆರಿಸುವಾಗ

ಗುಜರಿಯಲ್ಲಿ ಸಿಗುವ ಹಳೇ ರೇಡಿಯೊಗಳಲ್ಲಿ ಇಎಲ್84 ಇರುವುದುಂಟು. ಬೆಂಗಳೂರಿನ ಬಿಇಎಲ್ ತಯಾರಿಸಿದ ವಾಲ್ವ್ ಸಿಕ್ಕರೆ ಬಿಡಬೇಡಿ. ಹೆಸರಿನ ಮೊದಲ ಅಕ್ಷರ ನೋಡಿ: 'ಇ' ಇದ್ದರೆ ಹೀಟರ್ (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿ) 6.3 ವೋಲ್ಟ್. 'ಯು' ಅಥವಾ 'ಪಿ' ಇದ್ದರೆ ಹೀಟರುಗಳನ್ನು ಸಾಲಾಗಿ ಜೋಡಿಸುವ ಸೆಟ್‌ಗಳಿಗಾಗಿ ಮಾಡಿದ್ದು. ಯುಎಲ್84ರ ಹೀಟರಿಗೆ 45 ವೋಲ್ಟ್ ಬೇಕು, ನಮಗೆ ಉಪಯೋಗವಿಲ್ಲ. ಇಸಿಸಿ83ರ ಬದಲು ಇಸಿಸಿ82 ಹಾಕಿದರೆ ಆಂಪ್ ಕೆಲಸ ಮಾಡುತ್ತದೆ, ಆದರೆ ದನಿ ಸಪ್ಪೆ, ಏಕೆಂದರೆ ಮೊದಲನೆಯದರ ವರ್ಧನಾಂಕ (ಸಂಕೇತವನ್ನು ಹಿಗ್ಗಿಸುವ ಶಕ್ತಿ) 100, ಎರಡನೆಯದರದು 20ರ ಒಳಗೆ. ಇಸಿಸಿ85 ಸಾಕೆಟ್ಟಿಗೆ ಕೂರುತ್ತದೆ, ಪಿನ್ ಸಂಪರ್ಕ ಬೇರೆ, ಅದು ಬೇಡ. ರೇಡಿಯೊದಿಂದ ವಾಲ್ವ್ ಮಾತ್ರ ತೆಗೆದುಕೊಳ್ಳಿ, ಕೆಪಾಸಿಟರುಗಳನ್ನಲ್ಲ.

ಎರಡು ಟ್ರಾನ್ಸ್‌ಫಾರ್ಮರ್

ಬೋರ್‌ವೆಲ್ ಮೋಟಾರ್ ಸುತ್ತುವ ಅಂಗಡಿಗಳಿಗೆ ದಾವಣಗೆರೆ, ಚಿತ್ರದುರ್ಗಗಳಲ್ಲಿ ಬರವಿಲ್ಲ. ಸಣ್ಣ ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರನ್ನು ಹುಡುಕಿ, ಲೆಕ್ಕ ಬರೆದ ಚೀಟಿ ಕೈಗೆ ಕೊಡಿ.

ಮೊದಲನೆಯದು ಪವರ್ ಟ್ರಾನ್ಸ್‌ಫಾರ್ಮರ್, 40 ವಿಎ. ಒಳಬರುವ ಕಡೆ 210, 230, 250 ವೋಲ್ಟ್‌ಗೆ ಮೂರು ಟ್ಯಾಪ್ (ಸುತ್ತಿನಿಂದ ಬೇರೆಬೇರೆ ಕಡೆ ಹೊರತೆಗೆದ ತುದಿ). ಹೊರಬರುವ ಕಡೆ 200 ವೋಲ್ಟ್ 120 ಮಿಲಿಆಂಪಿಯರ್ ಒಂದು, 6.3 ವೋಲ್ಟ್ 2 ಆಂಪಿಯರ್ ಒಂದು. ಟ್ಯಾಪ್ ಯಾಕೆಂದರೆ, ಪಂಪ್‌ಸೆಟ್ ಓಡುವ ಹೊತ್ತಿಗೆ ಕರೆಂಟು ಕುಸಿಯುವುದು, ನಡುರಾತ್ರಿ ಏರುವುದು ಜಗಳೂರು, ಹೊಳಲ್ಕೆರೆ ಕಡೆಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಹೀಟರಿಗೆ 5 ವೋಲ್ಟ್ ಸುಮಾರಿಗೆ ಬಂದರೆ ದನಿ ಸೊರಗುತ್ತದೆ, 7ರ ಹತ್ತಿರ ಹೋದರೆ ವಾಲ್ವಿನ ಆಯಸ್ಸು ಇಳಿಯುತ್ತದೆ. ನಿಮ್ಮ ಮನೆಯಲ್ಲಿ ಗಿಟಾರ್ ನುಡಿಸುವ ಹೊತ್ತಿಗೆ ಎಷ್ಟು ವೋಲ್ಟೇಜ್ ಇರುತ್ತದೋ ಅಳೆದು ಅದಕ್ಕೆ ಹತ್ತಿರದ ಟ್ಯಾಪ್ ಹಾಕಿಕೊಳ್ಳಿ.

ಎರಡನೆಯದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ವಾಲ್ವಿಗೆ 5,200 ಓಮ್ ಕಾಣಬೇಕು, ಸ್ಪೀಕರ್ 8 ಓಮ್. ಸುತ್ತುಗಳ ಅನುಪಾತ 25.5ಕ್ಕೆ 1. ನಡುವಿನ ಕಾಲು 25 ಮಿ.ಮೀ., ಪೇರಿಸಿದ ದಪ್ಪವೂ 25 ಮಿ.ಮೀ. ಇರುವ ಸ್ಟ್ಯಾಂಪಿಂಗ್ (ಕೋರ್ ಆಗಿ ಪೇರಿಸುವ ಕಬ್ಬಿಣದ ತಗಡು) ಸಾಕು. ಮೊದಲು 36 ಗೇಜ್ ತಂತಿಯಲ್ಲಿ 1,500 ಸುತ್ತು, ಅದರ ಮೇಲೆ 22 ಗೇಜ್‌ನಲ್ಲಿ 118 ಸುತ್ತು, ಮತ್ತೆ 36 ಗೇಜ್‌ನಲ್ಲಿ 1,500. ಎರಡು 1,500ಗಳನ್ನು ಒಂದೇ ದಿಕ್ಕಿಗೆ ಸುತ್ತಿ ಸಾಲಾಗಿ ಸೇರಿಸಬೇಕು. ಸ್ಪೀಕರ್ ಸುತ್ತು ನಡುವೆ ಬಂದರೆ ತಾರಕ ಸ್ವರಗಳು ಮಂಕಾಗುವುದಿಲ್ಲ.

ಇನ್ನು ಮುಖ್ಯ ಮಾತು. ಸಾಮಾನ್ಯ ಟ್ರಾನ್ಸ್‌ಫಾರ್ಮರ್‌ನಲ್ಲಿ 'ಇ' ಮತ್ತು 'ಐ' ತಗಡುಗಳನ್ನು ಒಂದು ಆ ಕಡೆ, ಒಂದು ಈ ಕಡೆ ಎಂದು ಹೆಣೆಯುತ್ತಾರೆ. ವೈಂಡರ್ ಕೈ ಅಭ್ಯಾಸದಿಂದ ಹಾಗೆಯೇ ಮಾಡುತ್ತದೆ. ಇಲ್ಲಿ ಕೂಡದು. ಒಂದೇ ವಾಲ್ವಿನ 48 ಮಿಲಿಆಂಪಿಯರ್ ಡಿಸಿ ಸದಾ ಆ ಸುತ್ತಿನಲ್ಲಿ ಹರಿಯುವುದರಿಂದ ಹೆಣೆದ ಕೋರ್ ಕಾಂತತ್ವದಲ್ಲಿ ತುಂಬಿಹೋಗುತ್ತದೆ. ಮಂದ್ರದ ತಂತಿ ಮೀಟಿದರೆ ಪುಸ್ ಎನ್ನುತ್ತದೆ. ಎಲ್ಲ 'ಇ'ಗಳೂ ಒಂದು ಕಡೆ, ಎಲ್ಲ 'ಐ'ಗಳೂ ಇನ್ನೊಂದು ಕಡೆ, ನಡುವೆ 0.1 ಮಿ.ಮೀ. ದಪ್ಪದ ಒಂದು ಕಾಗದ, ಅಂದರೆ ಝೆರಾಕ್ಸ್ ಹಾಳೆ. ಚೀಟಿಯಲ್ಲಿ ಇದಕ್ಕೆ ಎರಡು ಗೆರೆ ಎಳೆದು ಕೊಡಿ. ಬರುವಾಗ ಎರಡೂ ಟ್ರಾನ್ಸ್‌ಫಾರ್ಮರ್‌ಗಳನ್ನು ಅಂಗಡಿಯ ಇನ್ಸುಲೇಷನ್ ಪರೀಕ್ಷಿಸುವ 500 ವೋಲ್ಟ್ ಮೆಗ್ಗರ್‌ನಲ್ಲಿ ಸುತ್ತಿಗೂ ಸುತ್ತಿಗೂ, ಸುತ್ತಿಗೂ ಕೋರಿಗೂ ಪರೀಕ್ಷೆ ಮಾಡಿಸಿಕೊಳ್ಳಿ.

ಚಾಸಿ

ಚಾಸಿ ಅಂದರೆ ಎಲ್ಲವನ್ನೂ ಕೂರಿಸುವ ಪೆಟ್ಟಿಗೆ: 2 ಮಿ.ಮೀ. ಅಲ್ಯೂಮಿನಿಯಂ ತಗಡು, 30 ಸೆಂ.ಮೀ. ಉದ್ದ, 15 ಅಗಲ, 6 ಎತ್ತರ. ವಾಲ್ವ್ ಸಾಕೆಟ್ಟಿನ ತೂತು ಸಾಮಾನ್ಯವಾಗಿ 22 ಮಿ.ಮೀ., ಆದರೂ ಸಾಕೆಟ್ ಕೈಗೆ ಬಂದ ಮೇಲೆ ಅಳೆದೇ ಕೊರೆಯಿರಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ತೂತು ಹೊಡೆಯುವ ಮೊದಲು ಅದರ ಸ್ಪೀಕರ್ ತುದಿಗಳಿಗೆ ಹೆಡ್‌ಫೋನ್ ಸಿಕ್ಕಿಸಿ. ಪವರ್ ಟ್ರಾನ್ಸ್‌ಫಾರ್ಮರ್‌ನ ಹೊರ ತುದಿಗಳನ್ನೆಲ್ಲ ಟೇಪ್ ಸುತ್ತಿ ಮುಚ್ಚಿ, ಅದಕ್ಕೊಂದಕ್ಕೇ ಕರೆಂಟು ಕೊಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಅತ್ತಿತ್ತ ತಿರುಗಿಸಿದಂತೆ ಗುಂಯ್ ಸದ್ದು ಏರಿಳಿಯುತ್ತದೆ. ತೀರ ಕಡಿಮೆ ಕೇಳಿಸುವ ಜಾಗದಲ್ಲೇ ಗುರುತು ಹಾಕಿ.

ತಂತಿ ಎಳೆಯುವ ಕ್ರಮ

ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ತಂತಿ ಚಾಸಿಗೆ ತನ್ನದೇ ಬೋಲ್ಟಿನಲ್ಲಿ, ಹಲ್ಲಿನ ವಾಷರ್ ಹಾಕಿ ಬಿಗಿಯಬೇಕು. ಫೇಸಿಗೆ 500 ಮಿಲಿಆಂಪಿಯರ್ ಸ್ಲೋ ಫ್ಯೂಸ್, ಆಮೇಲೆ ಸ್ವಿಚ್.

ಹೀಟರ್ ತಂತಿಗಳನ್ನು ಬಿಗಿಯಾಗಿ ಹೊಸೆದು ಚಾಸಿಯ ಮೂಲೆಗೆ ಒತ್ತಿ ಒಯ್ಯಿರಿ. ಇಎಲ್84ಗೆ ಪಿನ್ 4 ಮತ್ತು 5. ಇಸಿಸಿ83ಗೆ 4, 5 ಎರಡನ್ನೂ ಸೇರಿಸಿ ಒಂದು ತಂತಿ, 9ಕ್ಕೆ ಇನ್ನೊಂದು. ಎರಡೂ ತಂತಿಗಳಿಂದ ತಲಾ 100 ಓಮ್ ರೆಸಿಸ್ಟರ್ ನೆಲಕ್ಕೆ (ನೆಲ ಅಂದರೆ ಆಂಪಿನ ಸೊನ್ನೆ ವೋಲ್ಟಿನ ತಂತಿಗಳೆಲ್ಲ ಚಾಸಿಗೆ ಸೇರುವ ಜಾಗ).

200 ವೋಲ್ಟ್ ಸುತ್ತಿಗೆ ನಾಲ್ಕು 1ಎನ್4007 ಡಯೋಡ್‌ಗಳ ಬ್ರಿಡ್ಜ್. ಅದರಿಂದ 100 ಮೈಕ್ರೋಫ್ಯಾರಡ್. 220 ಓಮ್ 5 ವ್ಯಾಟ್ ದಾಟಿ 47 ಮೈಕ್ರೋಫ್ಯಾರಡ್, ಇಲ್ಲಿಂದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. 1 ಕಿಲೋ ಓಮ್ 1 ವ್ಯಾಟ್ ದಾಟಿ ಇನ್ನೊಂದು 47, ಇಲ್ಲಿಂದ ಇಎಲ್84ರ ಪಿನ್ 9. 10 ಕಿಲೋ ದಾಟಿ 22, ಇಲ್ಲಿಂದ ಇಸಿಸಿ83. ಕೆಪಾಸಿಟರ್ ಎಲ್ಲವೂ 450 ವೋಲ್ಟಿನವೇ ಆಗಬೇಕು: ವಾಲ್ವ್ ಬಿಸಿಯಾಗುವ ಮುನ್ನ ಹೊರೆಯಿಲ್ಲದೆ ವೋಲ್ಟೇಜ್ 300 ದಾಟಬಹುದು. ಮೊದಲ ಕೆಪಾಸಿಟರಿಗೆ ಅಡ್ಡಲಾಗಿ 100 ಕಿಲೋ 2 ವ್ಯಾಟ್ ಹಾಕಿದರೆ ಆಫ್ ಮಾಡಿದ ಎರಡು ನಿಮಿಷಕ್ಕೆ ಚಾರ್ಜ್ ಇಳಿಯುತ್ತದೆ. ಹಾಗಂತ ನಂಬಿ ಕೈ ಹಾಕಬೇಡಿ, ಮೀಟರ್ ಇಟ್ಟು ನೋಡಿ.

ಗಿಟಾರ್ ಜ್ಯಾಕಿನಿಂದ 1 ಮೆಗಾ ಓಮ್ ನೆಲಕ್ಕೆ, 68 ಕಿಲೋ ಮೂಲಕ ಇಸಿಸಿ83ರ ಪಿನ್ 2ಕ್ಕೆ. ಪಿನ್ 1ಕ್ಕೆ 100 ಕಿಲೋ ಮೂಲಕ ಸಪ್ಲೈ. ಪಿನ್ 3ರಿಂದ ನೆಲಕ್ಕೆ 1.5 ಕಿಲೋ, ಜೊತೆಗೆ 25 ಮೈಕ್ರೋಫ್ಯಾರಡ್. ಪಿನ್ 1ರಿಂದ 0.022 ಮೈಕ್ರೋಫ್ಯಾರಡ್ 630 ವೋಲ್ಟ್ ಮೂಲಕ 1 ಮೆಗಾ ಲಾಗ್ ವಾಲ್ಯೂಮಿಗೆ, ಅದರ ನಡುಗಾಲಿನಿಂದ ಪಿನ್ 7ಕ್ಕೆ. ಪಿನ್ 6ಕ್ಕೆ ಮತ್ತೆ 100 ಕಿಲೋ, ಪಿನ್ 8ರಿಂದ ನೆಲಕ್ಕೆ 1.5 ಕಿಲೋ ಮಾತ್ರ. ಪಿನ್ 6ರಿಂದ ಇನ್ನೊಂದು 0.022, ಅಲ್ಲಿಂದ 220 ಕಿಲೋ ನೆಲಕ್ಕೆ, 4.7 ಕಿಲೋ ಮೂಲಕ ಇಎಲ್84ರ ಪಿನ್ 2ಕ್ಕೆ. ಅದೇ ವಾಲ್ವಿನ ಪಿನ್ 3ರಿಂದ ನೆಲಕ್ಕೆ 150 ಓಮ್ 5 ವ್ಯಾಟ್, ಜೊತೆಗೆ 100 ಮೈಕ್ರೋಫ್ಯಾರಡ್ 25 ವೋಲ್ಟ್. ಪಿನ್ 7 ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ.

ನೆಲದ ತಂತಿಗಳೆಲ್ಲ ಜ್ಯಾಕಿನ ಹತ್ತಿರದ ಒಂದೇ ಬೋಲ್ಟಿಗೆ ಬರಲಿ. ಬ್ರಿಡ್ಜಿನ ಋಣ ತುದಿ ಮಾತ್ರ ಮೊದಲು 100 ಮೈಕ್ರೋಫ್ಯಾರಡ್ ಕೆಪಾಸಿಟರಿನ ಕಾಲಿಗೆ ಹೋಗಿ, ಅಲ್ಲಿಂದ ಆ ಬೋಲ್ಟಿಗೆ.

ಮೊದಲ ಸಲ ಹಚ್ಚುವಾಗ

ಎಲೆಕ್ಟ್ರಿಷಿಯನ್ನರ ಸೀರೀಸ್ ಬೋರ್ಡ್ (ಕರೆಂಟು ಒಂದು ಬಲ್ಬ್ ದಾಟಿಯೇ ಬರುವಂತೆ ಮಾಡಿದ್ದು) ಬೇಕು. ಅದರಲ್ಲಿ 60 ವ್ಯಾಟಿನ ಹಳೇ ತಂತಿಬಲ್ಬ್ ಇರಬೇಕು, ಎಲ್‌ಇಡಿ ನಡೆಯದು. ವಾಲ್ವ್ ಹಾಕದೆ ಹಚ್ಚಿ. ಬಲ್ಬ್ ಮಿಂಚಿ ಮಂಕಾಗಬೇಕು. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಸರಿಯಿದ್ದರೆ ಆಫ್ ಮಾಡಿ, ವಾಲ್ವ್ ಕೂರಿಸಿ, ಸ್ಪೀಕರ್ ಜೋಡಿಸಿ. ಸ್ಪೀಕರಿಲ್ಲದೆ ಈ ಆಂಪನ್ನು ನುಡಿಸಲೇಬಾರದು: ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಚಿಮ್ಮಿ ಎನಾಮೆಲ್ ಸುಟ್ಟುಹೋಗುತ್ತದೆ.

ಸೀರೀಸ್ ಬೋರ್ಡ್ ಬಿಟ್ಟು ಆಂಪನ್ನು ಗೋಡೆಯ ಪ್ಲಗ್ಗಿಗೇ ಹಾಕಿ ಇಎಲ್84ರ ಪಿನ್ 3 ಅಳೆಯಿರಿ. 7ರಿಂದ 8 ವೋಲ್ಟ್ ಸರಿ. 9 ದಾಟಿದರೆ ಪ್ಲೇಟಿನ (ಪಿನ್ 7ಕ್ಕೆ ಸೇರಿದ, ವಾಲ್ವಿನೊಳಗಿನ ಲೋಹದ ಹೊದಿಕೆ) 12 ವ್ಯಾಟ್ ಮಿತಿ ಮೀರುತ್ತಿದೆ. ಮೇಲಿನ ಟ್ಯಾಪಿಗೆ ಹೋಗಿ, ಇಲ್ಲವೇ 150ರ ಬದಲು 180 ಓಮ್ ಹಾಕಿ. ಪ್ಲೇಟ್ ಕೆಂಪಗಾದರೆ ತಕ್ಷಣ ಆಫ್ ಮಾಡಿ. ಹೆಚ್ಚಾಗಿ ಎರಡನೇ 0.022 ಸೋರುತ್ತಿರುತ್ತದೆ. ಮೊದಲ ಕ್ಷಣಗಳಲ್ಲೇ ಇಎಲ್84ರ ಪಿನ್ 2ರಲ್ಲಿ ಡಿಸಿ ಸೊನ್ನೆಯ ಬದಲು ಒಂದೆರಡು ವೋಲ್ಟ್ ಧನ ಕಂಡರೆ ಅನುಮಾನವೇ ಬೇಡ.

ಗುಂಯ್ ಸದ್ದಿನಲ್ಲಿ ಎರಡು ಜಾತಿ. ದಪ್ಪ ದನಿಯದು 50 ಹರ್ಟ್ಸ್, ಹೀಟರಿನಿಂದಲೋ ನೆಲದ ತಂತಿಯಿಂದಲೋ ಬಂದದ್ದು. 100 ಓಮ್ ಜೋಡಿಯನ್ನು ನೆಲದಿಂದ ಬಿಡಿಸಿ ಇಎಲ್84ರ ಪಿನ್ 3ಕ್ಕೆ ಹಾಕಿ ನೋಡಿ, ಹಲವು ಸಲ ಅಷ್ಟಕ್ಕೇ ಅಡಗುತ್ತದೆ. ಕರ್ಕಶವಾದದ್ದು 100 ಹರ್ಟ್ಸ್, ಫಿಲ್ಟರ್ ಕೆಪಾಸಿಟರಿನದು. ಭದ್ರಾವತಿ ಆಕಾಶವಾಣಿ ಗಿಟಾರಿನೊಳಗಿಂದ ವಾರ್ತೆ ಓದತೊಡಗಿದರೆ 68 ಕಿಲೋ ರೆಸಿಸ್ಟರ್ ಜ್ಯಾಕಿನ ಬಳಿ ಇದೆ ಎಂದರ್ಥ; ಅದನ್ನು ಬಿಚ್ಚಿ ಇಸಿಸಿ83ರ ಪಿನ್ 2ರ ಮೇಲೆಯೇ ಬೆಸೆಯಿರಿ.

ದನಿ ತೀರ ಒರಟು ಅನ್ನಿಸಿದವರು ಸ್ಪೀಕರಿನ ಒಂದು ತುದಿಯನ್ನು ನೆಲಕ್ಕೆ ಕಟ್ಟಿ, ಇನ್ನೊಂದರಿಂದ 22 ಕಿಲೋ ಮೂಲಕ ಇಸಿಸಿ83ರ ಪಿನ್ 8ಕ್ಕೆ ತರಬಹುದು. ಸದ್ದು ತುಸು ತಗ್ಗಿ ನಯವಾಗುತ್ತದೆ. ತಗ್ಗುವ ಬದಲು ಏರಿದರೆ, ಇಲ್ಲವೇ ಆಂಪ್ ಕಿರುಚಿದರೆ, ಸ್ಪೀಕರ್ ಸುತ್ತಿನ ಎರಡು ತುದಿಗಳನ್ನು ಅದಲುಬದಲು ಮಾಡಿ.