ಚರ್ಮದ ಲಿಂಫೋಮಾ ಕಂಡಾಗ ನಾನು ವೈರಸ್ ಪರೀಕ್ಷೆಯನ್ನೂ ಬರೆಯುವುದೇಕೆ

ನಾನು ಚರ್ಮದ ಡಾಕ್ಟರ್. ಬಯಾಪ್ಸಿಯಲ್ಲಿ ಟಿ-ಸೆಲ್ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಒಂದು ಕ್ಯಾನ್ಸರ್, ಅಂತ ಬಂದರೆ, ಇಂಥದ್ದೇ ಒಂದು ಕ್ಯಾನ್ಸರ್ ತರಬಲ್ಲ ಎಚ್‌ಟಿಎಲ್‌ವಿ-1 ವೈರಸ್‌ಗೆ ರಕ್ತ ಪರೀಕ್ಷೆಯನ್ನೂ ಬರೆಯುತ್ತೇನೆ. ಹೆಚ್ಚಿನ ಸಲ ನೆಗೆಟಿವ್ ಬರುತ್ತದೆ. ಆದರೂ ಬಿಡುವುದಿಲ್ಲ.

ಕಾರಣ, ಐವತ್ತು ದಾಟಿದ ಒಬ್ಬ ಅಮ್ಮ. ಮೈಮೇಲಿನ ಕೆಂಪು ಮಚ್ಚೆಗೆ ಹುಳುಕಡ್ಡಿ ಅಂದುಕೊಂಡು ತಿಂಗಳುಗಟ್ಟಲೆ ಮುಲಾಮು ಹಚ್ಚಿದ್ದರು. ಆಮೇಲೆ ಗಂಟುಗಳು ಎದ್ದವು. ಬಯಾಪ್ಸಿ ಮೈಕೋಸಿಸ್ ಫಂಗಾಯ್ಡಿಸ್ ಎಂಬ ಚರ್ಮದ ಲಿಂಫೋಮಾ ಕಡೆಗೆ ಬೆರಳು ತೋರಿಸಿತು. ಅದು ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನಕ್ಕೆ ಬೆಳೆಯುವ ಕಾಯಿಲೆ. ಇವರದ್ದು ವಾರದಿಂದ ವಾರಕ್ಕೆ ಜಾಸ್ತಿಯಾಗುತ್ತಿತ್ತು. ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ಲ್ಯಾಬ್‌ಗೆ ಹೋಗಿ ರಕ್ತದ ಸ್ಲೈಡ್ ನಾನೇ ನೋಡಿದೆ. ಕೆಲವು ಲಿಂಫೋಸೈಟ್‌ಗಳ (ಒಂದು ಬಗೆಯ ಬಿಳಿ ರಕ್ತಕಣ) ನ್ಯೂಕ್ಲಿಯಸ್ ಹೂವಿನ ಎಸಳುಗಳ ಹಾಗೆ ಬಿಡಿಸಿಕೊಂಡಿತ್ತು. ಅನುಮಾನ ಬಂದು ಮಾಡಿಸಿದ ಎಚ್‌ಟಿಎಲ್‌ವಿ-1 ಆಂಟಿಬಾಡಿ ಪರೀಕ್ಷೆ ಪಾಸಿಟಿವ್, ಖಚಿತಪಡಿಸುವ ಪರೀಕ್ಷೆಯೂ ಪಾಸಿಟಿವ್. ಇದು ಆ ವೈರಸ್‌ನಿಂದ ಬರುವ ಕ್ಯಾನ್ಸರ್, ಅಡಲ್ಟ್ ಟಿ-ಸೆಲ್ ಲುಕೇಮಿಯಾ-ಲಿಂಫೋಮಾ. ಚಿಕಿತ್ಸೆಯ ದಾರಿಯೇ ಬೇರೆ. ಅಂದೇ ಕ್ಯಾನ್ಸರ್ ವಿಭಾಗಕ್ಕೆ ಕಳಿಸಿದೆ.

ಈ ಕಾಯಿಲೆಯನ್ನು 1977ರಲ್ಲಿ ಜಪಾನಿನ ವೈದ್ಯರು ಗುರುತಿಸಿದರು. ರೋಗಿಗಳಲ್ಲಿ ಬಹಳ ಜನ ಕ್ಯೂಶೂ ದ್ವೀಪದಲ್ಲಿ ಹುಟ್ಟಿದವರು. ವೈರಸ್ ಸಿಕ್ಕಿದ್ದು 1980ರಲ್ಲಿ, ಅಮೆರಿಕದಲ್ಲಿ, ಅದೂ ಚರ್ಮದ ಲಿಂಫೋಮಾ ಇದ್ದ ರೋಗಿಯಿಂದ. ಹಾಗಂತ ಮೈಕೋಸಿಸ್ ಫಂಗಾಯ್ಡಿಸ್ ಇರುವವರು ದಯವಿಟ್ಟು ಹೆದರಬೇಡಿ. ಅದಕ್ಕೆ ವೈರಸ್ ಕಾರಣ ಅಂತ ಸಾಬೀತಾಗಿಲ್ಲ. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಎಚ್‌ಟಿಎಲ್‌ವಿ-1 ಮಾತ್ರ ಹರಡುತ್ತದೆ. ಎದೆಹಾಲು, ಲೈಂಗಿಕ ಸಂಪರ್ಕ, ರಕ್ತದ ಮೂಲಕ. ಸೋಂಕು ಇದ್ದವರಲ್ಲಿ ಈ ಕ್ಯಾನ್ಸರ್ ಬರುವುದು ನೂರಕ್ಕೆ ಸುಮಾರು 5 ಜನಕ್ಕೆ, ಅದೂ ದಶಕಗಳ ನಂತರ. ಬಹುಪಾಲು ಮಗುವಿದ್ದಾಗ ಸೋಂಕು ತಗುಲಿದವರಿಗೆ. ಹಾಗಾಗಿ ಮನೆಯವರನ್ನು ಕೂರಿಸಿ ಮಾತಾಡುವುದು ನನಗೆ ಚಿಕಿತ್ಸೆಯಷ್ಟೇ ಮುಖ್ಯ.

ಆ ಅಮ್ಮನ ಮಗಳು ಬಸುರಿ. ಪರೀಕ್ಷೆ ಮಾಡಿಸಿದಾಗ ಅವಳಿಗೂ ಪಾಸಿಟಿವ್ ಬಂತು.

"ಮೇಡಂ, ಹಾಲು ಕೊಡಬಾರದಾ?" ಅಂತ ಕೇಳಿದಳು.

ನಾಗಸಾಕಿಯಲ್ಲಿ 1987ರಿಂದ ಬಸುರಿಯರನ್ನು ಪರೀಕ್ಷಿಸಿ ಇದೇ ವಿಷಯಕ್ಕೆ ಸಲಹೆ ಕೊಡುತ್ತಾರೆ. ದೀರ್ಘಕಾಲ ಎದೆಹಾಲು ಕುಡಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 20ರಷ್ಟು ಇರುವ ಸೋಂಕು, ಡಬ್ಬಿ ಹಾಲಿನಿಂದ ಸುಮಾರು 3ಕ್ಕೆ ಇಳಿಯುತ್ತದೆ. ಆದರೆ ನೀರು ಚೆನ್ನಾಗಿಲ್ಲದ ಮನೆಯಲ್ಲಿ ಡಬ್ಬಿ ಹಾಲೇ ಮಗುವಿಗೆ ಅಪಾಯ, ಅಲ್ವಾ? ಅದಕ್ಕೇ ಮೊದಲು ಮನೆಯ ನೀರು, ಗ್ಯಾಸ್, ಪ್ರತಿ ತಿಂಗಳ ಡಬ್ಬಿಯ ಖರ್ಚು ಎಲ್ಲ ಕೇಳಿದೆ. ಗಂಡ ಹೆಂಡತಿ ಇಬ್ಬರೂ ಯೋಚಿಸಿ ಡಬ್ಬಿ ಹಾಲೇ ಇರಲಿ ಅಂದರು. ವಾರ್ಡಿನಲ್ಲಿ ಯಾರೂ ಹಾಲೂಡಿಸು ಅಂತ ಒತ್ತಾಯ ಮಾಡಬಾರದು ಅಂತ ಹೆರಿಗೆ ಡಾಕ್ಟರಿಗೆ ಕಾರಣ ವಿವರಿಸಿ ಪತ್ರ ಬರೆದುಕೊಟ್ಟೆ. ರಕ್ತದಾನ ಮಾಡಬೇಡ ಅಂತಲೂ ಅವಳಿಗೆ ಹೇಳಿದೆ. ನಮ್ಮ ರಕ್ತನಿಧಿಗಳ ಕಡ್ಡಾಯ ಪರೀಕ್ಷೆಗಳಲ್ಲಿ ಈ ವೈರಸ್ ಇಲ್ಲ.